ಟೈಟಾನಿಯಂ ಮಿಶ್ರಲೋಹಗಳ ಸವೆತ ತಡೆಗೆ ಲೇಸರ್ ಕಾಂಪೋಸಿಟ್ ಲೇಪನ: ಸಣ್ಣ ಕೈಗಾರಿಕೆಗಳಿಗೊಂದು ಪಾಠ

ವಿಮಾನದ ಬಿಡಿಭಾಗ, ವೈದ್ಯಕೀಯ ಉಪಕರಣ, ರಾಸಾಯನಿಕ ಪಂಪು ಮುಂತಾದವುಗಳ ಕೆಲಸವನ್ನು ಒಪ್ಪಿಕೊಳ್ಳುವ ಸಣ್ಣ ಕಾರ್ಯಾಗಾರಗಳಿಗೆ ಟೈಟಾನಿಯಂ ಇಂದು ಅಪರಿಚಿತ ಲೋಹವಲ್ಲ. ಉಕ್ಕಿನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 7.8 ಗ್ರಾಂ ಇದ್ದರೆ ಟೈಟಾನಿಯಂನದು 4.5 ಗ್ರಾಂ ಮಾತ್ರ. ಶಕ್ತಿಯಲ್ಲಿ ಅದು ಉತ್ತಮ ಮಿಶ್ರ ಉಕ್ಕುಗಳಿಗೆ ಸಮೀಪದಲ್ಲಿ ನಿಲ್ಲುತ್ತದೆ; ತುಕ್ಕು ಹಿಡಿಯುವ ಭಯವಿಲ್ಲ. ಆದರೆ ಖರೀದಿದಾರರಿಂದ ಬರುವ ನಕ್ಷೆಯ ಮೂಲೆಯಲ್ಲಿ "ಈ ಮೇಲ್ಮೈಗೆ ಸವೆತ ನಿರೋಧಕ ಲೇಪನ ಒದಗಿಸತಕ್ಕದ್ದು" ಎಂಬ ಒಂದೇ ಒಂದು ಸಾಲು ಇರುವುದುಂಟು. ಎಂತಹ ಲೇಪನ, ಎಷ್ಟು ದಪ್ಪ, ಯಾವ ಪರೀಕ್ಷೆ ಎಂಬುದರ ಉಲ್ಲೇಖವಿರುವುದಿಲ್ಲ. ಉಕ್ಕಿನ ಕೆಲಸದ ಅಭ್ಯಾಸದ ಮೇಲೆ ಆ ಸಾಲಿಗೆ ಬೆಲೆ ಕಟ್ಟಿ ದರಪಟ್ಟಿ ಸಲ್ಲಿಸಿದರೆ, ನಷ್ಟವಾಗುವುದು ಲೇಪನದ ಖರ್ಚಷ್ಟೇ ಅಲ್ಲ. ತಿರಸ್ಕೃತವಾದ ಭಾಗದಲ್ಲಿ ಹೂತುಹೋದ ದುಬಾರಿ ಲೋಹ ಮತ್ತು ಯಂತ್ರದ ವೇಳೆಯೂ ಹೌದು.

ಪ್ರಸ್ತುತ ಲೇಖನದ ಉದ್ದೇಶ ಆ ಒಂದು ಸಾಲಿನ ಅರ್ಥವನ್ನು ಬಿಡಿಸುವುದು; ಅದರಲ್ಲಿಯೂ ಲೇಸರ್ ಮೂಲಕ ಕೂರಿಸುವ ಕಾಂಪೋಸಿಟ್ ಲೇಪನವು ಯಾವ ಕೆಲಸಕ್ಕೆ ಸಲ್ಲುತ್ತದೆ, ಯಾವುದಕ್ಕೆ ಸಲ್ಲುವುದಿಲ್ಲ ಎಂಬುದನ್ನು ವಿವರಿಸುವುದು.

ಟೈಟಾನಿಯಂ ಏಕೆ ಸವೆಯುತ್ತದೆ?

ಬಳಕೆಯಲ್ಲಿರುವ ಟೈಟಾನಿಯಂ ಮಿಶ್ರಲೋಹಗಳಲ್ಲಿ ಅಗ್ರಸ್ಥಾನ ಗ್ರೇಡ್ 5 ಎಂದು ಕರೆಯುವ ಬಗೆಗೆ ಸೇರಿದ್ದು. ಇದರಲ್ಲಿ ಶೇ. 6ರಷ್ಟು ಅಲ್ಯೂಮಿನಿಯಂ ಮತ್ತು ಶೇ. 4ರಷ್ಟು ವೆನೇಡಿಯಂ ಇರುತ್ತದೆ. ಇದರ ಗಡಸುತನ ವಿಕರ್ಸ್ ಮಾಪನದಲ್ಲಿ ಸುಮಾರು 350. ಚೆನ್ನಾಗಿ ಹದಗೊಳಿಸಿದ ಬೇರಿಂಗ್ ಉಕ್ಕಿನ ಅರ್ಧದಷ್ಟೂ ಇಲ್ಲ.

ಆದರೆ ತೊಂದರೆಯ ಮೂಲ ಗಡಸುತನವೊಂದರಲ್ಲಿಯೇ ಇಲ್ಲ. ಟೈಟಾನಿಯಂ ತುಕ್ಕಿನಿಂದ ಪಾರಾಗುವುದು ಅದರ ಮೈಮೇಲೆ ತಾನಾಗಿಯೇ ಮೂಡುವ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪೊರೆಯಿಂದ. ಮತ್ತೊಂದು ಲೋಹ ಒತ್ತಿ ಉಜ್ಜಿದಾಗ ಈ ಪೊರೆ ಹರಿಯುತ್ತದೆ. ಕೆಳಗಿನ ಬೆತ್ತಲೆ ಲೋಹ ಎದುರಿನ ಲೋಹಕ್ಕೆ ಅಂಟಿಕೊಳ್ಳುತ್ತದೆ, ಕಿತ್ತುಬರುತ್ತದೆ, ಕಿತ್ತುಬಂದ ಚೂರು ಮತ್ತೆ ಗೀರುತ್ತದೆ. ಟೈಟಾನಿಯಂ ಬೋಲ್ಟಿಗೆ ಟೈಟಾನಿಯಂ ನಟ್ಟನ್ನು ಬಿಗಿದು, ಬಿಚ್ಚಲಾರದೆ ಕೊನೆಗೆ ಕತ್ತರಿಸಿ ತೆಗೆದವರಿಗೆ ಈ ಹಿಡಿತದ ಪರಿಚಯ ಇದ್ದೇ ಇರುತ್ತದೆ. ಇದಲ್ಲದೆ ಗ್ರೇಡ್ 5ರ ಉಷ್ಣವಾಹಕತೆ ಸಾಮಾನ್ಯ ಇಂಗಾಲ ಉಕ್ಕಿನ ಏಳನೆಯ ಒಂದು ಭಾಗದಷ್ಟು. ಉಜ್ಜಿದಲ್ಲಿ ಹುಟ್ಟಿದ ಶಾಖ ಅಲ್ಲಿಯೇ ಉಳಿದು ಅಂಟುವಿಕೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ. ಉಕ್ಕಿನ ಮೇಲೆ ಚೆನ್ನಾಗಿ ಕೆಲಸ ಮಾಡುವ ಎಣ್ಣೆಗಳೂ ಟೈಟಾನಿಯಂ ಮೇಲೆ ಅಷ್ಟು ಫಲಕಾರಿಯಲ್ಲ.

ಇದು ಪ್ರಯೋಗಾಲಯಕ್ಕೆ ಸೀಮಿತವಾದ ಮಾತಲ್ಲ. ಕೃತಕ ಸೊಂಟದ ಕೀಲುಗಳಲ್ಲಿ 1970 ಮತ್ತು 1980ರ ದಶಕಗಳಲ್ಲಿ ತೊಡೆಮೂಳೆಯ ತುದಿಯ ಗುಂಡನ್ನೂ ಟೈಟಾನಿಯಂ ಮಿಶ್ರಲೋಹದಿಂದಲೇ ಮಾಡಿದ ಮಾದರಿಗಳಿದ್ದವು. ಆ ಗುಂಡು ಪ್ಲಾಸ್ಟಿಕ್ ಬಟ್ಟಲಿನೊಳಗೆ ತಿರುಗುತ್ತ ಗೀರುಬಿದ್ದು, ಲೋಹದ ಕಪ್ಪು ಪುಡಿ ಸುತ್ತಲಿನ ಮಾಂಸಕ್ಕೆ ಸೇರಿದ ಪ್ರಕರಣಗಳು ವರದಿಯಾದವು. ಮೂಳೆಯೊಳಗೆ ಕೂರುವ ದಂಡಕ್ಕೆ ಟೈಟಾನಿಯಂ ಉಳಿದುಕೊಂಡಿತು. ಉಜ್ಜುವ ಗುಂಡಿನ ಸ್ಥಾನವನ್ನು ಕೋಬಾಲ್ಟ್-ಕ್ರೋಮಿಯಂ ಹಾಗೂ ಸಿರಾಮಿಕ್ ಪಡೆದುಕೊಂಡವು. ಭಾರ ಹೊರುವುದಕ್ಕೆ ಒಳ್ಳೆಯದಾದ ಲೋಹ ಉಜ್ಜುವುದಕ್ಕೂ ಒಳ್ಳೆಯದಾಗಿರಬೇಕೆಂದಿಲ್ಲ.

ಇರುವ ದಾರಿಗಳು

ಮೊದಲನೆಯದು ನಿರ್ವಾತದಲ್ಲಿ ಕೂರಿಸುವ ಟೈಟಾನಿಯಂ ನೈಟ್ರೈಡ್ ಲೇಪನ. ಡ್ರಿಲ್ ಬಿಟ್ಟುಗಳ ಮೇಲೆ ಕಾಣುವ ಬಂಗಾರದ ಬಣ್ಣ ಇದರದೇ. ಗಡಸುತನ ವಿಕರ್ಸ್ 2,000ವನ್ನು ದಾಟುತ್ತದೆ. ಆದರೆ ದಪ್ಪ ಕೆಲವೇ ಮೈಕ್ರಾನ್. ಭಾರ ಕಡಿಮೆ ಇರುವಲ್ಲಿ ಇದಕ್ಕಿಂತ ಚೊಕ್ಕ ಉಪಾಯ ಬೇರೆಯಿಲ್ಲ. ಭಾರ ಒಂದೇ ಬಿಂದುವಿನ ಮೇಲೆ ಬಿದ್ದಾಗ ಮಾತ್ರ ಹಸಿ ಮಣ್ಣಿನ ಮೇಲೆ ಹಾಸಿದ ಹಂಚಿನ ಗತಿ ಇದಕ್ಕೆ ಒದಗುತ್ತದೆ: ಹಂಚು ಗಟ್ಟಿ, ಕೆಳಗಿನ ನೆಲ ತಗ್ಗುತ್ತದೆ, ಹಂಚು ಒಡೆಯುತ್ತದೆ. ಎರಡನೆಯದು ಜ್ವಾಲೆ ಅಥವಾ ಪ್ಲಾಸ್ಮಾದಿಂದ ಎರಚುವ ಲೇಪನ. ಇದು ನೂರಾರು ಮೈಕ್ರಾನ್ ದಪ್ಪ ಬರುತ್ತದೆ. ಆದರೆ ಅದರ ಹಿಡಿತ ಬಹುಮಟ್ಟಿಗೆ ಒರಟು ಮೇಲ್ಮೈಯನ್ನು ಕಚ್ಚಿಕೊಂಡ ಹಿಡಿತವೇ ಹೊರತು ಬೆಸುಗೆಯದಲ್ಲ. ಹಾರ್ಡ್ ಕ್ರೋಮ್ ಲೇಪನಕ್ಕೆ ಮೇಲೆ ಹೇಳಿದ ಆಕ್ಸೈಡ್ ಪೊರೆಯೇ ಅಡ್ಡಿ. ಗಂಟೆಗಟ್ಟಲೆ ಕುಲುಮೆಯಲ್ಲಿಟ್ಟು ಮಾಡುವ ನೈಟ್ರೈಡಿಂಗ್‌ನಲ್ಲಿ ಇಡೀ ಭಾಗವೇ ಕಾಯುವುದರಿಂದ ಅಳತೆ ತಪ್ಪುವ ಸಂಭವವಿದೆ.

ಭಾರವೂ ಹೆಚ್ಚು, ಸವೆತವೂ ಹೆಚ್ಚು, ಬೇಕಾದ ಲೇಪನದ ದಪ್ಪ ಅರ್ಧ ಮಿ.ಮೀ.ಗಿಂತ ಅಧಿಕ, ಅದೂ ಭಾಗದ ಒಂದು ಚಿಕ್ಕ ಜಾಗದಲ್ಲಿ ಮಾತ್ರ ಎಂಬ ಸಂದರ್ಭದಲ್ಲಿ ಲೇಸರ್ ಕ್ಲ್ಯಾಡಿಂಗ್ ತನ್ನ ಸ್ಥಾನವನ್ನು ಪಡೆಯುತ್ತದೆ.

ಲೇಸರ್ ಕ್ಲ್ಯಾಡಿಂಗ್‌ನ ಕ್ರಮ

ಲೇಸರ್ ಕಿರಣವು ಲೋಹದ ಮೇಲೆ ಒಂದು ಚಿಕ್ಕ ದ್ರವದ ಕೊಳವನ್ನು ಉಂಟುಮಾಡುತ್ತದೆ. ಟೈಟಾನಿಯಂ ಕರಗುವುದು 1,668 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆರ್ಗಾನ್ ಅನಿಲದೊಡನೆ ಹರಿದು ಬರುವ ಪುಡಿ ಆ ಕೊಳಕ್ಕೆ ಬೀಳುತ್ತದೆ. ಕಿರಣ ಮುಂದೆ ಸರಿದೊಡನೆ ಕೊಳ ಗಟ್ಟಿಯಾಗಿ ಒಂದು ಪಟ್ಟಿಯಾಗುತ್ತದೆ. ಪಟ್ಟಿಯ ಪಕ್ಕಕ್ಕೆ ಪಟ್ಟಿ, ಶೇ. 30ರಿಂದ 50ರಷ್ಟು ಒಂದರ ಮೇಲೊಂದು ಬರುವಂತೆ ಎಳೆದರೆ ಹೊದಿಕೆ ಸಿದ್ಧ. ಕಿರಣದ ಅಗಲ 3 ಮಿ.ಮೀ., ವೇಗ ಸೆಕೆಂಡಿಗೆ 8 ಮಿ.ಮೀ. ಎಂದಿಟ್ಟುಕೊಂಡರೆ ಯಾವುದೇ ಒಂದು ಬಿಂದುವಿನ ಮೇಲೆ ಕಿರಣ ನಿಲ್ಲುವುದು ಸೆಕೆಂಡಿನ ಮೂರನೆಯ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಕಾಲ ಮಾತ್ರ. ಆದ್ದರಿಂದಲೇ ಭಾಗದ ಉಳಿದ ಮೈ ಹೆಚ್ಚು ಕಾಯುವುದಿಲ್ಲ. ಹಿಂದೆ ಈ ಕೆಲಸಕ್ಕೆ ಕಾರ್ಬನ್ ಡೈಆಕ್ಸೈಡ್ ಲೇಸರ್‌ಗಳು ಬಳಕೆಯಲ್ಲಿದ್ದವು. ಅವುಗಳ 10.6 ಮೈಕ್ರಾನ್ ತರಂಗವನ್ನು ಲೋಹಗಳು ಬಹುಪಾಲು ಹಿಂದಕ್ಕೆ ಅಟ್ಟುತ್ತವೆ. ಸುಮಾರು 1 ಮೈಕ್ರಾನ್ ತರಂಗದ ಫೈಬರ್ ಮತ್ತು ಡಯೋಡ್ ಲೇಸರ್‌ಗಳು ಬಂದ ಮೇಲೆ ಕೆಲಸ ಸುಗಮವಾಗಿದೆ.

ಇಲ್ಲಿ ಹೊದಿಕೆಗೂ ಮೂಲ ಲೋಹಕ್ಕೂ ಇರುವ ಸಂಬಂಧ ಬೆಸುಗೆಯದು. ಕಿತ್ತುಬರುವ ಭಯ ಕಡಿಮೆ; ಬಿರುಕು ಬಿಡುವ ಭಯ ಹೆಚ್ಚು. ಇದನ್ನು ಮುಂದೆ ನೋಡೋಣ.

ಕಾಂಪೋಸಿಟ್ ಎಂದರೇನು?

ಕಾಂಕ್ರೀಟನ್ನು ನೆನೆದರೆ ಸಾಕು. ಸಿಮೆಂಟು ಹಿಡಿದಿಡುತ್ತದೆ, ಜಲ್ಲಿ ಭಾರ ಹೊರುತ್ತದೆ. ನಮ್ಮ ಲೇಪನದಲ್ಲಿ ಸಿಮೆಂಟಿನ ಸ್ಥಾನದಲ್ಲಿ ಟೈಟಾನಿಯಂ, ಜಲ್ಲಿಯ ಸ್ಥಾನದಲ್ಲಿ ಟೈಟಾನಿಯಂ ಕಾರ್ಬೈಡ್, ಬೋರೈಡ್ ಅಥವಾ ನೈಟ್ರೈಡ್‌ನ ಸೂಕ್ಷ್ಮ ಕಣಗಳು. ಟೈಟಾನಿಯಂ ಕಾರ್ಬೈಡ್‌ನ ಗಡಸುತನ ವಿಕರ್ಸ್ 3,000ದ ಆಸುಪಾಸು.

ಈ ಜಲ್ಲಿಯನ್ನು ಹೊರಗಿನಿಂದ ತಂದು ಬೆರೆಸಬಹುದು, ಇಲ್ಲವೇ ಕೊಳದೊಳಗೇ ಹುಟ್ಟಿಸಬಹುದು. ಎರಡನೆಯ ದಾರಿಯೇ ಮೇಲು ಎಂಬುದು ಈ ಲೇಖಕನ ಅಭಿಪ್ರಾಯ. ಹೊರಗಿನಿಂದ ತಂದ ಕಣದ ಮೈ ಮಾಸಿರಬಹುದು, ಅದು ಲೋಹಕ್ಕೆ ಸರಿಯಾಗಿ ಕಚ್ಚಿಕೊಳ್ಳದೆ ಇರಬಹುದು. ಕೊಳದಲ್ಲಿಯೇ ಹುಟ್ಟಿದ ಕಣ ಸುತ್ತಲಿನ ಲೋಹದೊಡನೆ ಒಂದಾಗಿಯೇ ಹುಟ್ಟಿರುತ್ತದೆ. ಇದರ ಉತ್ತಮ ಉದಾಹರಣೆ ಬೋರಾನ್ ಕಾರ್ಬೈಡ್. ಗ್ರೈಂಡಿಂಗ್ ಪುಡಿಯಾಗಿ ನಮ್ಮ ವರ್ತಕರಿಗೆ ಪರಿಚಿತವಾದ ಈ ವಸ್ತು ದ್ರವ ಟೈಟಾನಿಯಂನೊಡನೆ ಸೇರಿದಾಗ, ಟೈಟಾನಿಯಂನ 5 ಅಣುಗಳು ಬೋರಾನ್ ಕಾರ್ಬೈಡ್‌ನ ಒಂದು ಘಟಕದೊಡನೆ ಕೂಡಿ, ಟೈಟಾನಿಯಂ ಬೋರೈಡ್‌ನ 4 ಘಟಕಗಳನ್ನೂ ಟೈಟಾನಿಯಂ ಕಾರ್ಬೈಡ್‌ನ ಒಂದು ಘಟಕವನ್ನೂ ಕೊಡುತ್ತವೆ. ಬೋರೈಡ್ ಸೂಜಿಗಳಂತೆ ಬೆಳೆಯುತ್ತದೆ. ಕಾರ್ಬೈಡ್ ಕವಲೊಡೆದ ಹರಳುಗಳಾಗಿ ಇಲ್ಲವೇ ದುಂಡನೆಯ ಕಾಳುಗಳಾಗಿ ನಿಲ್ಲುತ್ತದೆ.

ಲೆಕ್ಕವನ್ನು ಒಮ್ಮೆ ಮಾಡಿ ನೋಡುವುದು ಉಪಯುಕ್ತ. 100 ಗ್ರಾಂ ಮಿಶ್ರಣದಲ್ಲಿ ಬೋರಾನ್ ಕಾರ್ಬೈಡ್ 5 ಗ್ರಾಂ ಮಾತ್ರ ಇದೆ ಎನ್ನೋಣ. ಅದು ಪೂರ್ಣವಾಗಿ ಕೂಡಿಕೊಂಡರೆ ಸುಮಾರು 21.7 ಗ್ರಾಂ ಟೈಟಾನಿಯಂ ಅನ್ನು ಎಳೆದುಕೊಂಡು 26.7 ಗ್ರಾಂ ಗಡಸು ಪದಾರ್ಥವನ್ನು ಕೊಡುತ್ತದೆ. ಅದರಲ್ಲಿ ಬೋರೈಡ್ 21 ಗ್ರಾಂಗಿಂತ ತುಸು ಹೆಚ್ಚು, ಉಳಿದದ್ದು ಕಾರ್ಬೈಡ್. ಕೊಳಕ್ಕೆ ಕೆಳಗಿನ ಮೂಲ ಲೋಹವೂ ಕರಗಿ ಸೇರುತ್ತದೆ. ಆ ಬೆರಕೆ ಶೇ. 20 ಇದ್ದರೆ ಹೊದಿಕೆಯಲ್ಲಿ ಗಡಸು ಪದಾರ್ಥದ ಪಾಲು ಸುಮಾರು ಶೇ. 21ಕ್ಕೆ ಇಳಿಯುತ್ತದೆ. ಐದು ಗ್ರಾಂ ಪುಡಿಯಿಂದ ಲೇಪನದ ಐದನೆಯ ಒಂದು ಭಾಗವೇ ಬದಲಾಯಿತು. "ಇನ್ನೂ ಸ್ವಲ್ಪ ಹಾಕಿದರೆ ಇನ್ನೂ ಗಟ್ಟಿ" ಎಂದು 10 ಗ್ರಾಂ ಹಾಕಿದವರು ತಮಗರಿವಿಲ್ಲದೆಯೇ ಅರ್ಧಕ್ಕರ್ಧ ಜಲ್ಲಿ ತುಂಬಿದ ಕಾಂಕ್ರೀಟು ಮಾಡಿರುತ್ತಾರೆ. ಅದು ಬಿರುಕು ಬಿಡುವುದರಲ್ಲಿ ಆಶ್ಚರ್ಯವಿಲ್ಲ.

ಟೈಟಾನಿಯಂ ಬೋರೈಡ್‌ಗೆ ಮತ್ತೊಂದು ಸದ್ಗುಣವಿದೆ. ಕಾದಾಗ ಹಿಗ್ಗುವ, ಆರಿದಾಗ ಕುಗ್ಗುವ ಪ್ರಮಾಣದಲ್ಲಿ ಅದು ಟೈಟಾನಿಯಂಗೆ ಬಹಳ ಸಮೀಪ. ಈ ಜೋಡಿ ಉದ್ಯಮಕ್ಕೆ ಹೊಸದೂ ಅಲ್ಲ: ಟೊಯೋಟಾ ಸಂಸ್ಥೆಯು 1998ರಲ್ಲಿ ಆಲ್ಟೆಜ್ಜಾ ಕಾರಿನ ಎಂಜಿನ್ ಕವಾಟಗಳನ್ನು ಬೋರೈಡ್ ಕಣಗಳುಳ್ಳ ಟೈಟಾನಿಯಂನಿಂದ ತಯಾರಿಸಿತು. ಅದು ಪುಡಿಲೋಹ ವಿಧಾನದಿಂದ ಮಾಡಿದ ಇಡೀ ಭಾಗ, ಲೇಸರ್ ಲೇಪನವಲ್ಲ. ಆದರೆ ಒಳಗಿನ ಜೋಡಿ ಇದೇ.

ಪುಡಿ ಮಾರುವ ವರ್ತಕರಿಗೆ ಎರಡು ಮಾತು

ಉಕ್ಕಿನ ಮೇಲೆ ಗಡಸು ಹೊದಿಕೆಗಾಗಿ ನಿಕ್ಕಲ್-ಕ್ರೋಮಿಯಂ-ಬೋರಾನ್-ಸಿಲಿಕಾನ್ ಪುಡಿ ಬಹುಕಾಲದಿಂದ ಮಾರಾಟವಾಗುತ್ತಿದೆ. ಅದೇ ಡಬ್ಬಿಯನ್ನು ಟೈಟಾನಿಯಂ ಕೆಲಸಕ್ಕೂ ಕೊಡುವ ಮುನ್ನ ಯೋಚಿಸಬೇಕು. ನಿಕ್ಕಲ್ ಮತ್ತು ಟೈಟಾನಿಯಂ ಕೊಳದಲ್ಲಿ ಬೆರೆತಾಗ ಟೈಟಾನಿಯಂ ಹೆಚ್ಚಿರುವ ಒಂದು ಪೆಡಸು ಸಂಯುಕ್ತ ಹುಟ್ಟುತ್ತದೆ. ಗಡಸುತನದ ಮಾಪನದಲ್ಲಿ ಅಂಕಿ ಚೆನ್ನಾಗಿಯೇ ಬರುತ್ತದೆ, ಆದರೆ ಹೊದಿಕೆ ಪೆಟ್ಟು ತಾಳುವುದಿಲ್ಲ. ಇದಲ್ಲದೆ ನಿಕ್ಕಲ್ ಮಿಶ್ರಲೋಹ ಆರುವಾಗ ಟೈಟಾನಿಯಂಗಿಂತ ಹೆಚ್ಚು ಕುಗ್ಗುವುದರಿಂದ ಹೊದಿಕೆ ಬಿಗಿದು ಎಳೆದಂತಾಗುತ್ತದೆ. ಬೆರಕೆಯನ್ನು ಬಹಳ ಕಡಿಮೆಯಲ್ಲಿ ಹಿಡಿಯಬಲ್ಲ ಪಳಗಿದವರು ಇದನ್ನು ನಿಭಾಯಿಸಿದ್ದಾರೆ. ಮೊದಲ ಪ್ರಯತ್ನಕ್ಕೆ ಇದು ತಕ್ಕುದಲ್ಲ.

ಟಂಗ್‌ಸ್ಟನ್ ಕಾರ್ಬೈಡ್ ವಿಚಾರವೂ ಹೀಗೆಯೇ. ನಿಕ್ಕಲ್ ಅಥವಾ ಕೋಬಾಲ್ಟ್ ಹಾಸಿನಲ್ಲಿ ಅದು ಸುಖವಾಗಿರುತ್ತದೆ. ದ್ರವ ಟೈಟಾನಿಯಂಗೆ ಇಂಗಾಲದ ಮೇಲೆ ಹೆಚ್ಚು ಆಸೆ. ಟಂಗ್‌ಸ್ಟನ್ನಿನಿಂದ ಇಂಗಾಲವನ್ನು ಕಸಿದುಕೊಂಡು ತಾನೇ ಕಾರ್ಬೈಡ್ ಆಗುತ್ತದೆ. ಹಾಕಿದ ಕಣವೇ ಕೊನೆಗೂ ಉಳಿಯುತ್ತದೆಂದು ಗ್ರಾಹಕರಿಗೆ ಹೇಳುವಂತಿಲ್ಲ.

ಬೋರಾನ್ ಕಾರ್ಬೈಡ್‌ನಲ್ಲಿಯೂ ಒಂದು ತೊಡಕಿದೆ. ಅದರ ಸಾಂದ್ರತೆ ಸುಮಾರು 2.5, ಟೈಟಾನಿಯಂನದು 4.5. ಚೆನ್ನಾಗಿ ಬೆರೆಸಿ ಡಬ್ಬಿಯಲ್ಲಿ ಕಳುಹಿಸಿದ ಪುಡಿ ಲಾರಿಯ ಕುಲುಕಾಟದಲ್ಲಿ, ಪುಡಿಪಾತ್ರೆಯ ಕಂಪನದಲ್ಲಿ ಮತ್ತೆ ಬೇರೆಯಾಗುತ್ತದೆ. ಹೊದಿಕೆಯ ಒಂದು ತುದಿ ಗಡಸು, ಇನ್ನೊಂದು ತುದಿ ಮೆದು ಎಂಬ ದೂರುಗಳಿಗೆ ಲೇಸರ್ ಯಂತ್ರವನ್ನು ಬೈಯುವ ಮುನ್ನ ಪುಡಿಪಾತ್ರೆಯನ್ನು ನೋಡುವುದು ಒಳಿತು. ಎರಡು ಪುಡಿಗಳನ್ನು ಎರಡು ಪಾತ್ರೆಗಳಿಂದ ಪ್ರತ್ಯೇಕವಾಗಿ ಹರಿಸುವುದು ಉತ್ತಮ ಪರಿಹಾರ.

ಬಿರುಕು, ಅನಿಲ ಮತ್ತು ಲೋಹದ ದಣಿವು

ಕೊಳ ಅತಿ ವೇಗವಾಗಿ ಆರುವುದರಿಂದ ಹೊದಿಕೆಯಲ್ಲಿ ಬಿಗಿತ ಉಳಿಯುತ್ತದೆ. ಗಡಸು ಕಣಗಳು ಹೆಚ್ಚಿದಷ್ಟೂ ಹೊದಿಕೆ ಬಾಗುವ ಗುಣವನ್ನು ಕಳೆದುಕೊಂಡು, ಆ ಬಿಗಿತವನ್ನು ಬಿರುಕಿನ ಮೂಲಕ ಹೊರಹಾಕುತ್ತದೆ. ಭಾಗವನ್ನು ಮೊದಲೇ ಆರ್ಗಾನ್‌ನಲ್ಲಿ ಕಾಯಿಸುವುದು, ತಳಪದರದಲ್ಲಿ ಕಣಗಳನ್ನು ಕಡಿಮೆ ಇಟ್ಟು ಮೇಲ್ಪದರದಲ್ಲಿ ಹೆಚ್ಚಿಸುವುದು, ಕೆಲಸ ಮುಗಿದ ಮೇಲೆ ನಿರ್ವಾತ ಅಥವಾ ಆರ್ಗಾನ್ ಕುಲುಮೆಯಲ್ಲಿ ಬಿಗಿತ ಸಡಿಲಿಸುವುದು ವಾಡಿಕೆಯ ಉಪಾಯಗಳು. ಗ್ರೇಡ್ 5ಕ್ಕೆ ಬಿಗಿತ ಸಡಿಲಿಸುವ ತಾಪ 480ರಿಂದ 650 ಡಿಗ್ರಿ.

ಗಾಳಿಯ ವಿಷಯದಲ್ಲಿ ಟೈಟಾನಿಯಂ ಕ್ಷಮಿಸುವ ಲೋಹವಲ್ಲ. ಕೆಂಪಗೆ ಕಾದಾಗ ಅದು ಆಮ್ಲಜನಕ, ಸಾರಜನಕಗಳನ್ನು ಹೀರಿ ಪೆಡಸಾಗುತ್ತದೆ. ಕೊಳದ ಮೇಲೆ ಮಾತ್ರವಲ್ಲ, ಹಿಂದೆ ಇನ್ನೂ ಆರುತ್ತಿರುವ ಪಟ್ಟಿಯ ಮೇಲೂ ಆರ್ಗಾನ್ ಹರಿಯುತ್ತಿರಬೇಕು. ಬೆಸುಗೆಗಾರರು ಬಣ್ಣ ನೋಡಿಯೇ ತೀರ್ಮಾನಿಸುತ್ತಾರೆ: ಬೆಳ್ಳಿಯಂತೆ ಹೊಳೆದರೆ ಉತ್ತಮ, ತಿಳಿ ಹುಲ್ಲಿನ ಬಣ್ಣ ಒಪ್ಪಬಹುದು, ನೀಲಿಗೆ ತಿರುಗಿದರೆ ಸಂಶಯ, ಬೂದು ಅಥವಾ ಬಿಳಿ ಪುಡಿ ಕಂಡರೆ ತಿರಸ್ಕಾರ. ಲೇಪನ ಮಾಡಿಸಿಕೊಂಡು ಬಂದ ಭಾಗವನ್ನು ಪಾಲಿಷ್ ಮಾಡದೆ ಹಾಗೆಯೇ ಒಪ್ಪಿಸಬೇಕೆಂದು ಕೇಳುವುದಕ್ಕೆ ಇದೇ ಕಾರಣ. ಪಾಲಿಷ್ ಆದ ಮೇಲೆ ಈ ಸಾಕ್ಷ್ಯ ಅಳಿಸಿಹೋಗಿರುತ್ತದೆ.

ಎಲ್ಲಕ್ಕಿಂತ ಗಂಭೀರವಾದುದು ಲೋಹದ ದಣಿವು. ಸಾವಿರಾರು ಬಾರಿ ಬಾಗಿ ನೆಟ್ಟಗಾಗುವ ಭಾಗದಲ್ಲಿ ಹೊದಿಕೆಯ ಒಂದು ಕೂದಲೆಳೆ ಬಿರುಕು ಮೂಲ ಲೋಹದೊಳಕ್ಕೆ ಇಳಿಯಬಲ್ಲದು. ಇಲ್ಲಿ ಬೆಸುಗೆಯ ಗಟ್ಟಿ ಸಂಬಂಧವೇ ಶತ್ರುವಾಗುತ್ತದೆ, ಏಕೆಂದರೆ ಬಿರುಕಿಗೆ ನಡುವೆ ತಡೆಯೇ ಇರುವುದಿಲ್ಲ. ಸವೆತ ನಿಂತಿತು, ಭಾಗವೇ ಮುರಿಯಿತು ಎಂಬಂತಾಗಬಾರದು. ಆದ್ದರಿಂದ ತೋಳು, ದಂಡ, ಸ್ಪ್ರಿಂಗಿನಂತೆ ಬಾಗುವ ಭಾಗಗಳಿಗೆ ದಣಿವು ಪರೀಕ್ಷೆಯಿಲ್ಲದೆ ಈ ಲೇಪನವನ್ನು ಒಪ್ಪಿಕೊಳ್ಳಬಾರದು. ಪಂಪಿನ ತೋಳುಬುಷ್, ಕವಾಟದ ಪೀಠ, ಜಾರುಪಟ್ಟಿ ಮುಂತಾದ ಹೆಚ್ಚು ಬಾಗದ ಭಾಗಗಳು ಆರಂಭಕ್ಕೆ ಸೂಕ್ತ. ವಿಮಾನದ ಭಾಗಗಳಿಗೆ ಖರೀದಿದಾರರು ಅನುಮೋದಿಸಿದ ವಿಧಾನ ಮತ್ತು ಮಾನ್ಯತೆ ಪಡೆದ ಘಟಕ ಇಲ್ಲದೆ ಕೈಹಾಕುವ ಪ್ರಶ್ನೆಯೇ ಇಲ್ಲ.

ಒಂದು ಕೆಲಸದ ಲೆಕ್ಕ

50 ಮಿ.ಮೀ. ವ್ಯಾಸ, 40 ಮಿ.ಮೀ. ಉದ್ದದ ಒಂದು ತೋಳುಬುಷ್‌ನ ಹೊರಮೈಗೆ 1 ಮಿ.ಮೀ. ಹೊದಿಕೆ ಬೇಕಾಗಿದೆ ಎನ್ನೋಣ. ಹೊದಿಕೆಯ ಗಾತ್ರ ಸುಮಾರು 6.4 ಘನ ಸೆಂಟಿಮೀಟರ್, ತೂಕ 29 ಗ್ರಾಂ. ಹರಿಸಿದ ಪುಡಿಯಲ್ಲಿ ಶೇ. 60 ಮಾತ್ರ ಕೊಳಕ್ಕೆ ಸೇರುತ್ತದೆಂದು ಹಿಡಿದರೆ 48 ಗ್ರಾಂ ಪುಡಿ ಬೇಕು. ಪಟ್ಟಿಯ ಅಗಲ 3 ಮಿ.ಮೀ., ಮೇಲ್ಚಾಚು ಶೇ. 40, ಅಂದರೆ ಪ್ರತಿ ಸುತ್ತಿಗೆ 1.8 ಮಿ.ಮೀ. ಮುಂದೆ ಸರಿಯಬೇಕು. ಒಟ್ಟು 23 ಸುತ್ತು, ಪ್ರತಿ ಸುತ್ತು 157 ಮಿ.ಮೀ. ಸೆಕೆಂಡಿಗೆ 8 ಮಿ.ಮೀ. ವೇಗದಲ್ಲಿ ಲೇಸರ್ ಉರಿಯುವುದು ಏಳೂವರೆ ನಿಮಿಷ.

ಹಾಗಾದರೆ ದರ ಏಕೆ ಅಷ್ಟು ಹೆಚ್ಚು ಎಂದು ಕೇಳುವವರಿದ್ದಾರೆ. ವೇಳೆ ಹೋಗುವುದು ಲೇಸರ್‌ನಲ್ಲಲ್ಲ. ಭಾಗವನ್ನು ಜಿಡ್ಡಿಲ್ಲದಂತೆ ತೊಳೆಯುವುದು, ಪುಡಿಯನ್ನು ಒಣಗಿಸುವುದು, ಆರ್ಗಾನ್ ತುಂಬುವುದು, ಮಾದರಿ ತುಂಡಿನ ಮೇಲೆ ಹದ ನೋಡುವುದು, ಕುಲುಮೆಯ ಸರದಿ, ಕೊನೆಗೆ ವಜ್ರದ ಕಣಗಳ ಚಕ್ರದಿಂದ ಅಳತೆಗೆ ಉಜ್ಜುವುದು, ಇವುಗಳಲ್ಲಿ ದಿನಗಳೇ ಕಳೆಯುತ್ತವೆ. ಒಂದು ಬುಷ್‌ಗೂ ಇಪ್ಪತ್ತು ಬುಷ್‌ಗೂ ಹದ ನೋಡುವ ಖರ್ಚು ಒಂದೇ. ಒಂದೇ ಊರಿನ ಮೂರು ನಾಲ್ಕು ಘಟಕಗಳು ತಮ್ಮ ಭಾಗಗಳನ್ನು ಒಟ್ಟುಗೂಡಿಸಿ ಒಂದೇ ಬಾರಿಗೆ ಕಳುಹಿಸಿದರೆ ಉಳಿತಾಯ ಗಣನೀಯ. ಸಣ್ಣ ಘಟಕವೊಂದು ಇದಕ್ಕಾಗಿಯೇ ಲೇಸರ್ ಯಂತ್ರವನ್ನು ಸಾಲ ಮಾಡಿ ತರುವುದನ್ನು ಈ ಲೇಖಕ ಸಲಹೆ ಮಾಡಲಾರ.

ಖರೀದಿ ಆದೇಶದಲ್ಲಿ ಏನಿರಬೇಕು?

ಸವೆತದ ಪ್ರಮಾಣವು ಭಾರಕ್ಕೂ ಜಾರಿದ ದೂರಕ್ಕೂ ಅನುಗುಣವಾಗಿ ಹೆಚ್ಚುತ್ತದೆ, ಗಡಸುತನಕ್ಕೆ ವಿಲೋಮವಾಗಿ ಇಳಿಯುತ್ತದೆ ಎಂಬ ಸೂತ್ರವನ್ನು ಆರ್ಚರ್ಡ್ ಎಂಬ ವಿಜ್ಞಾನಿ 1953ರಲ್ಲಿ ಪ್ರಕಟಿಸಿದರು. ಇಂದಿಗೂ ಅದು ಒಳ್ಳೆಯ ದಿಕ್ಸೂಚಿ. ಆದರೆ ಇದನ್ನೇ ನೆಚ್ಚಿ ಬರಿಯ ಗಡಸುತನದ ಅಂಕಿಯ ಮೇಲೆ ವ್ಯವಹಾರ ಕುದುರಿಸಬಾರದು. ಇಂತಹ ಹೊದಿಕೆಗಳು ಸಾಮಾನ್ಯವಾಗಿ 600ರಿಂದ 1,000 ವಿಕರ್ಸ್ ತೋರಿಸುತ್ತವೆ. ಸಾವಿರ ತೋರಿಸಿದ್ದು ಆರುನೂರು ತೋರಿಸಿದ್ದಕ್ಕಿಂತ ಬೇಗ ಹಾಳಾಗುವುದುಂಟು. ಸಡಿಲವಾದ ಕಣಗಳು ಕಿತ್ತುಬಂದು ಮರಳಿನಂತೆ ಎರಡೂ ಮೈಗಳನ್ನು ಅರೆಯುತ್ತವೆ. ನಮ್ಮ ಭಾಗ ಉಳಿದು ಎದುರಿನ ಉಕ್ಕಿನ ಭಾಗ ಸವೆದರೂ ದೂರು ಬರುವುದು ನಮ್ಮ ಬಾಗಿಲಿಗೇ.

ಆದ್ದರಿಂದ ಆದೇಶದಲ್ಲಿ ಸವೆತದ ಬಗೆಯನ್ನು ಮೊದಲು ಬರೆಯಬೇಕು. ಮರಳು, ಮಣ್ಣು ಅರೆಯುವ ಸವೆತವಾದರೆ ಎಎಸ್‌ಟಿಎಂ ಜಿ65 ಎಂಬ ಒಣಮರಳು ಮತ್ತು ರಬ್ಬರ್ ಚಕ್ರದ ಪರೀಕ್ಷೆ. ಲೋಹದ ಮೇಲೆ ಲೋಹ ಜಾರುವ ಸವೆತವಾದರೆ ಎಎಸ್‌ಟಿಎಂ ಜಿ99 ಎಂಬ ಕಡ್ಡಿ ಮತ್ತು ತಟ್ಟೆಯ ಪರೀಕ್ಷೆ. ಎರಡನೆಯದರಲ್ಲಿ ಎದುರಿನ ಕಡ್ಡಿ ನಿಜವಾದ ಜೋಡಿ ಭಾಗದ ಲೋಹದ್ದೇ ಆಗಿರಬೇಕು ಮತ್ತು ಕಡ್ಡಿಯ ಸವೆತವನ್ನೂ ಅಳೆದು ಕೊಡಬೇಕು. ಉಜ್ಜಿದ ನಂತರ ಉಳಿಯಬೇಕಾದ ಕನಿಷ್ಠ ದಪ್ಪ, ಬಣ್ಣದ್ರವದಿಂದ ಬಿರುಕು ಪರೀಕ್ಷೆ, ಅದೇ ಪುಡಿ ಮತ್ತು ಅದೇ ಹದದಲ್ಲಿ ಮಾಡಿದ ಒಂದು ಮಾದರಿ ತುಂಡನ್ನು ಕತ್ತರಿಸಿ ಮೇಲಿನಿಂದ ತಳದವರೆಗೆ ಅಳೆದ ಗಡಸುತನದ ಸಾಲು, ಇವಿಷ್ಟನ್ನು ಕೇಳಿದರೆ ಅರ್ಧ ವಿವಾದಗಳು ಹುಟ್ಟುವುದೇ ಇಲ್ಲ. ಗಡಸುತನ ತಳದ ಹತ್ತಿರ ಒಮ್ಮೆಲೇ ಕುಸಿಯದೆ ಮೆಟ್ಟಿಲು ಮೆಟ್ಟಿಲಾಗಿ ಇಳಿದಿದ್ದರೆ ಒಳ್ಳೆಯ ಲಕ್ಷಣ.

ಅಕ್ಕಪಕ್ಕದಲ್ಲಿಯೇ ನೆರವಿದೆ. ಹೈದರಾಬಾದಿನ ಮಿಧಾನಿ ಸಂಸ್ಥೆ ಟೈಟಾನಿಯಂ ಮಿಶ್ರಲೋಹಗಳನ್ನು ತಯಾರಿಸುತ್ತದೆ. ಅದೇ ನಗರದ ಎಆರ್‌ಸಿಐ ಸಂಶೋಧನಾ ಕೇಂದ್ರದಲ್ಲಿ ಲೇಸರ್ ಸಂಸ್ಕರಣೆಗೆಂದೇ ಒಂದು ವಿಭಾಗವಿದೆ. ಯಂತ್ರೋಪಕರಣ ಹಾಗೂ ಅಳತೆಯ ವಿಷಯದಲ್ಲಿ 1962ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಸಿಎಂಟಿಐ ನಮ್ಮ ಬಹುಪಾಲು ಸದಸ್ಯರಿಗೆ ಪರಿಚಿತ.

ಪುಡಿಯನ್ನು ಇಟ್ಟುಕೊಳ್ಳುವ ವರ್ತಕರಿಗೂ ಕಾರ್ಯಾಗಾರದವರಿಗೂ ಒಂದು ಎಚ್ಚರಿಕೆ. ನುಣುಪಾದ ಟೈಟಾನಿಯಂ ಪುಡಿ ಗಾಳಿಯಲ್ಲಿ ಹಾರಾಡುವಾಗ ಒಂದು ಕಿಡಿಗೆ ಸ್ಫೋಟಿಸಬಲ್ಲದು. ಕ್ಲ್ಯಾಡಿಂಗ್‌ಗೆ ಬಳಸುವ ಪುಡಿ ಸಾಮಾನ್ಯವಾಗಿ 45ರಿಂದ 150 ಮೈಕ್ರಾನ್ ಗಾತ್ರದ್ದು; ಜರಡಿಯ ಕೆಳಗೆ ಉಳಿಯುವ ಅದಕ್ಕಿಂತ ನುಣುಪಾದ ಪುಡಿ ಮತ್ತು ಗ್ರೈಂಡಿಂಗ್ ಧೂಳು ಹೆಚ್ಚು ಅಪಾಯಕಾರಿ. ಮುಚ್ಚಿದ ಲೋಹದ ಡಬ್ಬಿಯಲ್ಲಿ, ತೇವವಿಲ್ಲದ ಜಾಗದಲ್ಲಿ, ಸಣ್ಣ ಸಣ್ಣ ಪ್ರಮಾಣದಲ್ಲಿ ಇಡಬೇಕು. ಬೆಂಕಿ ಹೊತ್ತಿದರೆ ನೀರನ್ನಾಗಲಿ ಕಾರ್ಬನ್ ಡೈಆಕ್ಸೈಡ್ ನಂದಕವನ್ನಾಗಲಿ ಬಳಸಕೂಡದು. ಉರಿಯುವ ಟೈಟಾನಿಯಂ ಅವೆರಡರಿಂದಲೂ ಆಮ್ಲಜನಕವನ್ನು ಕಿತ್ತುಕೊಂಡು ಇನ್ನಷ್ಟು ಉರಿಯುತ್ತದೆ. ಲೋಹದ ಬೆಂಕಿಗೆಂದೇ ತಯಾರಾದ ಡಿ ವರ್ಗದ ಒಣಪುಡಿ ನಂದಕ ಒಂದನ್ನು ಪುಡಿ ಇರುವ ಕೋಣೆಯ ಒಳಗಲ್ಲ, ಬಾಗಿಲ ಹೊರಗೆ ಕೈಗೆ ಸಿಗುವಂತೆ ತೂಗುಹಾಕಿರಬೇಕು.